ಚೆಂಡು ಕೈಗೆ ಬಂದ ಮೇಲೆ

ಅಕ್ಟೋಬರ್ ಬಂತೆಂದರೆ ನಮ್ಮ ಮನೆಯಲ್ಲಿ ಶನಿವಾರದ ಅಡುಗೆ ಬೆಳಿಗ್ಗೆ ಹನ್ನೊಂದಕ್ಕೆಲ್ಲ ಮುಗಿದಿರಬೇಕು. ಶಿಕಾಗೋ ಪಕ್ಕದ ನೇಪರ್‌ವಿಲ್‌ನಿಂದ ಭಾವಮೈದ ಎರಡು ಗಂಟೆ ಕಾರು ಓಡಿಸಿಕೊಂಡು ಬರುತ್ತಾನೆ. ಪಕ್ಕದ ಮನೆಯ ಹಿರಿಯರು ಎಂಬತ್ತರ ಹತ್ತಿರದವರು, ಹುಟ್ಟಿ ಬೆಳೆದದ್ದು ಇದೇ ಸೌತ್ ಬೆಂಡಿನಲ್ಲಿ. ಹಿತ್ತಲಿನಿಂದಲೇ ದಾಟಿ ಬಂದು, ನನ್ನ ಹೆಂಡತಿ ಕೊಟ್ಟ ಬಿಸಿಬೇಳೆ ಬಾತಿನ ತಟ್ಟೆ ಹಿಡಿದು, ಟೀವಿಯ ಎದುರಿನ ಕುರ್ಚಿಯಲ್ಲಿ ಕೂರುತ್ತಾರೆ. ಆಟ ಮೂರೂವರೆ ಗಂಟೆ. ಆಮೇಲಿನ ಮಾತಿಗೆ ಲೆಕ್ಕವಿಲ್ಲ. ಮಾತು ಎಲ್ಲಿ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡಕ್ಕೆ ಇಷ್ಟು ವರ್ಷ ಆಡಿದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಯಾರು ದೊಡ್ಡವನು?

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲವಾದರೆ ಚೆಂಡು ಎದುರಾಳಿಗೆ. ಹೀಗೆ ಸಾಗುತ್ತ ಸಾಗುತ್ತ ನೂರು ಗಜದ ಮೈದಾನದ ಆಚೆ ತುದಿ ದಾಟಿದರೆ ಟಚ್‌ಡೌನ್, ಆರು ಪಾಯಿಂಟು. ಹೆಚ್ಚು ಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕಿನ ಕೈಗೆ. ದೂರಕ್ಕೆ ಎಸೆಯಬೇಕೋ, ಪಕ್ಕದವನ ಕೈಗೆ ಕೊಡಬೇಕೋ, ತಾನೇ ಹಿಡಿದು ಓಡಬೇಕೋ ಎಂದು ಎರಡು ಮೂರು ಸೆಕೆಂಡಿನಲ್ಲಿ ಅವನು ತೀರ್ಮಾನಿಸಬೇಕು. ಅಷ್ಟರಲ್ಲಿ ನೂರಿಪ್ಪತ್ತು ಕಿಲೋ ತೂಕದ ನಾಲ್ಕೈದು ಜನ ಅವನನ್ನು ಕೆಡವಲು ಓಡಿ ಬರುತ್ತಿರುತ್ತಾರೆ.

ನಾವು ಇಂಡಿಯಾನಾಕ್ಕೆ ಬಂದದ್ದು 2003ರಲ್ಲಿ. ಬ್ರೇಡಿ ಕ್ವಿನ್ ಎಂಬ ಹುಡುಗ ನೋಟರ್ ಡೇಮಿಗೆ ಬಂದದ್ದೂ ಅದೇ ವರ್ಷ. ಭಾವಮೈದನಿಗೆ ಅವನೇ ಮೊದಲು, ಅವನೇ ಕೊನೆ. ‘ಭಾವ, ಅಂಕಿಗಳನ್ನು ನೋಡಿ’ ಎನ್ನುತ್ತಾನೆ. ನಾಲ್ಕು ವರ್ಷದಲ್ಲಿ ಎಸೆದು ಗಳಿಸಿದ್ದು 11,762 ಗಜ, 95 ಟಚ್‌ಡೌನ್ ಪಾಸ್. 2005ರ ಒಂದೇ ಸೀಸನ್‌ನಲ್ಲಿ 3,919 ಗಜ. ಇದರ ಪಕ್ಕದಲ್ಲಿ 1947ರ ಜಾನಿ ಲೂಜ್ಯಾಕನನ್ನು ಇಟ್ಟು ನೋಡಿ: ಇಡೀ ವರ್ಷಕ್ಕೆ 777 ಗಜ, ಒಂಬತ್ತು ಟಚ್‌ಡೌನ್. ಆ ವರ್ಷ ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಪ್ರಶಸ್ತಿಯಾದ ಹೈಸ್‌ಮನ್ ಟ್ರೋಫಿ ಸಿಕ್ಕಿದ್ದು ಲೂಜ್ಯಾಕನಿಗೆ. ಕ್ವಿನ್‌ಗೆ ಅದು ಸಿಗಲೇ ಇಲ್ಲ. ಇದು ಅನ್ಯಾಯವಲ್ಲವೇ ಎಂದು ಭಾವಮೈದ ಕೇಳುತ್ತಾನೆ. ಅವನ ದನಿಯಲ್ಲಿ ನಿಜವಾದ ನೋವಿರುತ್ತದೆ.

ಇದು ನಮಗೆ ಹೊಸ ಜಗಳವೇನೂ ಅಲ್ಲ. ಬೆಂಗಳೂರಿನಲ್ಲಿ ವಿಶ್ವನಾಥ್ ಮತ್ತು ದ್ರಾವಿಡ್ ಹೆಸರಿನಲ್ಲಿ ಇದನ್ನೇ ಆಡಿಕೊಂಡು ಬೆಳೆದವರು ನಾವು. ಒಬ್ಬರು 91 ಟೆಸ್ಟಿನಲ್ಲಿ 6,080 ರನ್, ಇನ್ನೊಬ್ಬರು 164 ಟೆಸ್ಟಿನಲ್ಲಿ 13,288. ಲೆಕ್ಕ ಅಲ್ಲಿಗೇ ಮುಗಿಯಬೇಕಿತ್ತು. ಆದರೆ 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ಆಂಡಿ ರಾಬರ್ಟ್ಸ್ ಎದುರು ಹೆಲ್ಮೆಟ್ ಇಲ್ಲದೆ ನಿಂತು, ತಂಡದ 190ರಲ್ಲಿ ವಿಶ್ವನಾಥ್ ಒಬ್ಬರೇ ಔಟಾಗದೆ ಹೊಡೆದ 97 ರನ್‌ನ ಮಾತನ್ನು ಯಾರಾದರೂ ಎತ್ತುತ್ತಿದ್ದರು. ಲೆಕ್ಕ ಮತ್ತೆ ಮೊದಲಿನಿಂದ ಶುರು.

ನೋಟರ್ ಡೇಮಿನ ವಿಷಯದಲ್ಲಿ ಕಷ್ಟ ಇನ್ನೂ ಒಂದು ಸುತ್ತು ಹೆಚ್ಚು. ಬ್ಯಾಟ್ಸ್‌ಮನ್ ಅಂದೂ ಬ್ಯಾಟು ಹಿಡಿದು ರನ್ನು ಹೊಡೆಯುತ್ತಿದ್ದ, ಇಂದೂ ಅದನ್ನೇ ಮಾಡುತ್ತಾನೆ. ಕ್ವಾರ್ಟರ್‌ಬ್ಯಾಕ್ ಹಾಗಲ್ಲ. ಹೆಸರು ನೂರು ವರ್ಷದಿಂದ ಅದೇ, ಆದರೆ ಆ ಹೆಸರಿನಡಿಯ ಕೆಲಸ ನಾಲ್ಕೈದು ಸಲ ಬುಡಮೇಲಾಗಿದೆ.

1913ಕ್ಕೆ ಹೋಗೋಣ. ಆಗ ಚೆಂಡು ಹೊಟ್ಟೆ ಉಬ್ಬಿದ ದಪ್ಪ ಚೆಂಡು, ಒಂದು ಕೈಯಲ್ಲಿ ಹಿಡಿಯುವುದೇ ಕಷ್ಟ. ಮುಂದಕ್ಕೆ ಎಸೆಯಲು ನಿಯಮ ಒಪ್ಪಿದ್ದು 1906ರಲ್ಲಿ. ಮೊದಮೊದಲು ಎಸೆತ ಯಾರ ಕೈಗೂ ಸಿಗದಿದ್ದರೆ ತಂಡಕ್ಕೆ ಹದಿನೈದು ಗಜದ ದಂಡ ಬೀಳುತ್ತಿತ್ತು. ಹಾಗಿದ್ದ ಮೇಲೆ ಎಸೆಯುವ ಧೈರ್ಯ ಎಷ್ಟು ಜನಕ್ಕೆ ಬಂದೀತು? 1912ರ ಹೊತ್ತಿಗೆ ಕಟ್ಟುಗಳು ಸಡಿಲವಾದವು. ಮರುವರ್ಷದ ಬೇಸಿಗೆಯಲ್ಲಿ ನೋಟರ್ ಡೇಮಿನ ಇಬ್ಬರು ಗೆಳೆಯರು, ಕ್ವಾರ್ಟರ್‌ಬ್ಯಾಕ್ ಗಸ್ ಡೊರೆ ಮತ್ತು ಕ್ನೂಟ್ ರಾಕ್ನೆ, ಓಹಾಯೋದ ಸೀಡರ್ ಪಾಯಿಂಟ್ ಎಂಬಲ್ಲಿ ರಜೆಯ ಕೆಲಸಕ್ಕೆ ಸೇರಿದರು. ಬಿಡುವು ಸಿಕ್ಕಾಗ ಈರಿ ಸರೋವರದ ದಡದ ಮರಳಿನಲ್ಲಿ ಒಬ್ಬ ಎಸೆಯುವುದು, ಇನ್ನೊಬ್ಬ ಓಡುತ್ತಲೇ ಹಿಡಿಯುವುದು. ನವೆಂಬರ್ 1ರಂದು ವೆಸ್ಟ್ ಪಾಯಿಂಟಿನಲ್ಲಿ ಆರ್ಮಿ ತಂಡದ ಎದುರು ಡೊರೆ ಎಸೆದ 17 ಪಾಸ್‌ಗಳಲ್ಲಿ 14 ಗುರಿ ಮುಟ್ಟಿದವು. ಪಂದ್ಯ 35–13. ಮುಂದಕ್ಕೆ ಎಸೆಯುವುದನ್ನು ಅವರೇ ಕಂಡುಹಿಡಿದರು ಎಂದು ಇಲ್ಲಿ ಕೆಲವರು ಹೇಳುತ್ತಾರೆ, ಅದು ತಪ್ಪು. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ತಂಡ 1906ರಲ್ಲೇ ಎಸೆದಿತ್ತು. ಪೂರ್ವದ ಪತ್ರಿಕೆಗಳ ಕಣ್ಣೆದುರಿಗೆ ಅದನ್ನು ತಂದು ನಿಲ್ಲಿಸಿದ್ದು ಈ ಇಬ್ಬರು. ಡೊರೆಯನ್ನು ಕ್ವಿನ್ ಜೊತೆ ತೂಗುವುದು ಹೇಗೆ? ಒಬ್ಬ ಆಗಲೇ ಇದ್ದ ದಾರಿಯಲ್ಲಿ ಬಹಳ ದೂರ ನಡೆದ, ಇನ್ನೊಬ್ಬ ಬರೀ ಮರಳಿದ್ದ ಕಡೆ ಹೆಜ್ಜೆ ಮೂಡಿಸಿದ.

ಆ ರಾಕ್ನೆಯೇ ಮುಂದೆ ಕೋಚ್ ಆದ. 1924ರ ಅವನ ತಂಡದ ಹಿಂಸಾಲಿನ ನಾಲ್ವರನ್ನು ಪತ್ರಕರ್ತ ಗ್ರಾಂಟ್‌ಲ್ಯಾಂಡ್ ರೈಸ್ ‘ನಾಲ್ವರು ಕುದುರೆ ಸವಾರರು’ ಎಂದು ಕರೆದ. ಕುದುರೆಗಳ ಮೇಲೆ ಕೂತ ಆ ನಾಲ್ವರ ಫೋಟೋವನ್ನು ಈ ಊರಿನ ಹೋಟೆಲುಗಳ ಗೋಡೆಯ ಮೇಲೆ ಈಗಲೂ ನೋಡಬಹುದು. ಅವರಲ್ಲಿ ಕ್ವಾರ್ಟರ್‌ಬ್ಯಾಕ್ ಹ್ಯಾರಿ ಸ್ಟುಲ್‌ಡ್ರೆಹರ್. ಎತ್ತರ ಐದಡಿ ಏಳಂಗುಲ, ತೂಕ ಎಪ್ಪತ್ತು ಕಿಲೋಗೂ ಕಡಿಮೆ. ಆಗಿನ ವ್ಯೂಹದಲ್ಲಿ ಚೆಂಡು ಬಹುಸಲ ಅವನ ಕೈಗೆ ಬರುತ್ತಲೇ ಇರಲಿಲ್ಲ, ನೇರವಾಗಿ ಹಿಂದಿನ ಓಟಗಾರರಿಗೆ ಹೋಗುತ್ತಿತ್ತು. ಅವನ ಪಾಲಿನ ಕೆಲಸ ಎರಡು. ಒಂದು, ಮುಂದೆ ನುಗ್ಗಿ ತನಗಿಂತ ದೊಡ್ಡವರನ್ನು ತಡೆಯುವುದು. ಎರಡನೆಯದು ಇನ್ನೂ ದೊಡ್ಡದು. ಮುಂದಿನ ಆಟ ಏನೆಂದು ತೀರ್ಮಾನಿಸಬೇಕಾದವನು ಅವನೊಬ್ಬನೇ. ಏಕೆಂದರೆ ಮೈದಾನದ ಅಂಚಿನಲ್ಲಿ ನಿಂತ ಕೋಚ್ ಆಟ ಹೇಳಿಕೊಡುವುದು ಆಗ ನಿಷಿದ್ಧ. ಬದಲಿ ಆಟಗಾರನ ಕಿವಿಯಲ್ಲಿ ಹೇಳಿ ಕಳಿಸಿದರೂ, ಒಂದು ಆಟ ಮುಗಿಯುವ ತನಕ ಅವನು ಜೊತೆಗಾರರೆದುರು ಬಾಯಿ ತೆರೆಯುವಂತಿರಲಿಲ್ಲ. ವಾರವಿಡೀ ಕಲಿಸು, ಶನಿವಾರ ಸುಮ್ಮನೆ ನೋಡು. ಕೋಚಿನ ಪಾಡು ಇಷ್ಟೇ.

ಈಗ ನೋಡಿ. 2024ರಿಂದ ಕಾಲೇಜು ಆಟದಲ್ಲೂ ಕ್ವಾರ್ಟರ್‌ಬ್ಯಾಕಿನ ಹೆಲ್ಮೆಟ್ಟಿನೊಳಗೆ ರೇಡಿಯೋ ಬಂದಿದೆ. ಆಟ ಶುರುವಾಗಲು ಹದಿನೈದು ಸೆಕೆಂಡು ಉಳಿಯುವ ತನಕ ಕೋಚಿನ ದನಿ ಕಿವಿಯಲ್ಲೇ ಇರುತ್ತದೆ. ಆ ವರ್ಷ ನೋಟರ್ ಡೇಮಿನ ಕ್ವಾರ್ಟರ್‌ಬ್ಯಾಕ್ ಆಗಿದ್ದವನು ರೈಲಿ ಲೆನರ್ಡ್. ಡ್ಯೂಕ್ ವಿಶ್ವವಿದ್ಯಾಲಯದಿಂದ ಒಂದೇ ವರ್ಷದ ಮಟ್ಟಿಗೆ ಬಂದವನು. ಎರಡನೇ ಪಂದ್ಯದಲ್ಲೇ ನಾರ್ದರ್ನ್ ಇಲಿನಾಯ್ ಎಂಬ ಸಣ್ಣ ತಂಡದ ಕೈಯಲ್ಲಿ 16–14ರಿಂದ ಸೋತಾಗ ಇಡೀ ಊರು ಅವನ ಮೇಲೆ ಮುನಿಸಿಕೊಂಡಿತು. ಆಮೇಲೆ ಸಾಲಾಗಿ ಹದಿಮೂರು ಗೆಲುವು. 2025ರ ಜನವರಿಯ ಫೈನಲ್‌ನಲ್ಲಿ ಓಹಾಯೋ ಸ್ಟೇಟ್ ಎದುರು ಸೋಲು. ನನ್ನ ಮಗಳಿಗೆ ಅವನೆಂದರೆ ಅಚ್ಚುಮೆಚ್ಚು. ದಾರಿ ಕಾಣದಿದ್ದಾಗ ತಲೆ ತಗ್ಗಿಸಿ ತಾನೇ ನುಗ್ಗುತ್ತಿದ್ದ, ಆ ವರ್ಷ ಅವನು ಓಡಿಯೇ ಗಳಿಸಿದ ಟಚ್‌ಡೌನ್ ಹದಿನೇಳು. ಆದರೂ ಕಿವಿಯಲ್ಲಿ ಕೋಚ್ ಇರುವವನನ್ನೂ ಯಾರ ದನಿಯೂ ತಲುಪದೆ ಒಬ್ಬನೇ ಯೋಚಿಸಬೇಕಿದ್ದವನನ್ನೂ ಒಂದೇ ಪಟ್ಟಿಯಲ್ಲಿ ಬರೆಯಲು ನನ್ನ ಕೈ ಬರುವುದಿಲ್ಲ.

ಈಗ ನಾವು ಕ್ವಾರ್ಟರ್‌ಬ್ಯಾಕ್ ಎಂದು ಯಾರನ್ನು ಕರೆಯುತ್ತೇವೋ ಅವನು ಈ ಊರಿನಲ್ಲಿ ಹುಟ್ಟಿದ್ದು 1942ರಲ್ಲಿ ಎನ್ನಬೇಕು. ಆ ವರ್ಷ ಕೋಚ್ ಫ್ರಾಂಕ್ ಲೇಹಿ ರಾಕ್ನೆಯ ಕಾಲದ ಹಳೆಯ ವ್ಯೂಹವನ್ನು ಬಿಟ್ಟು ‘ಟಿ’ ವ್ಯೂಹವನ್ನು ತಂದ. ಚೆಂಡು ಪ್ರತಿ ಸಲವೂ ಕ್ವಾರ್ಟರ್‌ಬ್ಯಾಕಿನ ಕೈಗೇ ಬರಬೇಕು, ಅಲ್ಲಿಂದ ಮುಂದಿನದು ಅವನ ಜವಾಬ್ದಾರಿ. ಈ ಕೆಲಸಕ್ಕೆ ಲೇಹಿ ಆರಿಸಿಕೊಂಡದ್ದು ಆಂಜಲೋ ಬರ್ಟೆಲ್ಲಿಯನ್ನು. 1943ರಲ್ಲಿ ಬರ್ಟೆಲ್ಲಿ ಆರು ಪಂದ್ಯ ಆಡಿದ, ಆರನ್ನೂ ತಂಡ ಗೆದ್ದಿತು. ಅವನು ಎಸೆದದ್ದು 36 ಪಾಸ್, ಅವುಗಳಲ್ಲಿ ಟಚ್‌ಡೌನ್ ಆದದ್ದೇ ಹತ್ತು. ಅಷ್ಟರಲ್ಲಿ ಮೆರೀನ್ ಪಡೆಯಿಂದ ಕರೆ ಬಂತು. ಸೀಸನ್ ಅರ್ಧಕ್ಕೆ ಬಿಟ್ಟು ಹೊರಟ. ಹೈಸ್‌ಮನ್ ಸಿಕ್ಕಿದ ಸುದ್ದಿ ಅವನಿಗೆ ತಲುಪಿದ್ದು ಸೈನ್ಯದ ತರಬೇತಿ ಶಿಬಿರದಲ್ಲಿ. ಮುಂದೆ ಇವೋ ಜೀಮಾದಲ್ಲಿ ಕಾದಾಡಿದ. ಅವನ ಗಜಗಳ ಲೆಕ್ಕ ಕಡಿಮೆ ಎನ್ನುವವರಿಗೆ ನಾನು ಇಷ್ಟನ್ನೇ ಹೇಳುವುದು.

ಬರ್ಟೆಲ್ಲಿ ಬಿಟ್ಟುಹೋದ ಜಾಗಕ್ಕೆ ಬಂದವನೇ ಲೂಜ್ಯಾಕ್. ಪಶ್ಚಿಮ ಪೆನ್ಸಿಲ್ವೇನಿಯಾದ ಕನೆಲ್ಸ್‌ವಿಲ್ ಎಂಬ ಊರಿನ ಹದಿನೆಂಟರ ಹುಡುಗ. ಮೊದಲ ಪಂದ್ಯವೇ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಮ್ಮಿನಲ್ಲಿ, ಎದುರಾಳಿ ಆರ್ಮಿ. ಎರಡು ಟಚ್‌ಡೌನ್ ಎಸೆದ, ಒಂದನ್ನು ತಾನೇ ಓಡಿ ಗಳಿಸಿದ, ಎದುರಾಳಿಯ ಒಂದು ಪಾಸನ್ನು ನಡುವೆಯೇ ಹಿಡಿದ. 26–0. ಕೊನೆಯದನ್ನು ಗಮನಿಸಿ. ಎದುರಾಳಿ ಎಸೆದ ಚೆಂಡು ಕ್ವಾರ್ಟರ್‌ಬ್ಯಾಕಿನ ಕೈಗೆ ಸಿಕ್ಕಿದ್ದು ಹೇಗೆ? ಅವನು ರಕ್ಷಣೆಯಲ್ಲೂ ಆಡುತ್ತಿದ್ದ. ಚೆಂಡು ತಮ್ಮದಾಗಿದ್ದಾಗ ಎಸೆಯುವವನೂ ಅವನೇ, ಎದುರಾಳಿಯದಾದಾಗ ಹಿಂದೆ ನಿಂತು ಕಾಯುವವನೂ ಅವನೇ.

ಮರುವರ್ಷ ಅವನೂ ಯುದ್ಧಕ್ಕೆ ಹೋದ. ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಜರ್ಮನಿಯ ಜಲಾಂತರ್ಗಾಮಿಗಳನ್ನು ಹುಡುಕುವ ಸಣ್ಣ ಹಡಗಿನಲ್ಲಿ ಕೆಲಸ. ಅವನಂಥವರೆಲ್ಲ ದೂರವಿದ್ದ ಆ ಎರಡು ವರ್ಷ ಆರ್ಮಿ ತಂಡ ನೋಟರ್ ಡೇಮನ್ನು 59–0, 48–0 ಅಂತರದಲ್ಲಿ ಹೊಸಕಿಹಾಕಿತು. 1946ರ ನವೆಂಬರ್ 9ರಂದು, ಮತ್ತೆ ಯಾಂಕೀ ಸ್ಟೇಡಿಯಮ್ಮಿನಲ್ಲಿ, ಯುದ್ಧ ಮುಗಿಸಿ ಬಂದವರು ಆರ್ಮಿಯ ಎದುರು ನಿಂತರು. ಆರ್ಮಿ ಸತತ 25 ಪಂದ್ಯ ಗೆದ್ದು ಬಂದಿತ್ತು. ಅವರಲ್ಲಿ ಡಾಕ್ ಬ್ಲ್ಯಾಂಚರ್ಡ್ ಎಂಬ ಓಟಗಾರ, ಹಿಂದಿನ ವರ್ಷದ ಹೈಸ್‌ಮನ್ ವಿಜೇತ. ಮೈಯಲ್ಲಿ ಗೂಳಿಯ ಬಲ, ಕಾಲಲ್ಲಿ ಜಿಂಕೆಯ ವೇಗ. ಆಟದ ನಡುವೆ ಒಂದು ಸಲ ಅವನು ಎಲ್ಲರನ್ನೂ ದಾಟಿ ಅಂಚಿನುದ್ದಕ್ಕೂ ಓಡತೊಡಗಿದ. ಅವನಿಗೂ ಗೆರೆಗೂ ನಡುವೆ ಉಳಿದದ್ದು ಒಬ್ಬನೇ, ಲೂಜ್ಯಾಕ್. ಓರೆಯಾಗಿ ಓಡಿ ಬಂದು ಕಾಲಿಗೆ ಬಿದ್ದು ಬ್ಲ್ಯಾಂಚರ್ಡನನ್ನು ಕೆಡವಿದ. ಪಂದ್ಯ 0–0ಯಲ್ಲಿ ಮುಗಿಯಿತು. ಆ ವರ್ಷದ ರಾಷ್ಟ್ರೀಯ ಪಟ್ಟ ನೋಟರ್ ಡೇಮಿಗೆ ಬಂತು.

ನೋಟರ್ ಡೇಮ್ ಕಂಡ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಅತಿ ದೊಡ್ಡವನು ಎಂದು ನಾನು ನಂಬುವವನ ಹೆಸರು ಹೇಳಿದೊಡನೆ ಜನರಿಗೆ ನೆನಪಾಗುವುದು ಅವನು ಎಸೆದ ಪಾಸ್ ಅಲ್ಲ, ಅವನು ಮಾಡಿದ ಒಂದು ಟ್ಯಾಕಲ್. ಈ ಟ್ಯಾಕಲ್ ಅವನ 777 ಗಜದಲ್ಲಿ ಎಲ್ಲಿದೆ? ಭಾವಮೈದ ತೋರಿಸುವ ಯಾವ ಕೋಷ್ಟಕದಲ್ಲೂ ಇಲ್ಲ.

ಇನ್ನೂ ಒಂದು ವಿಷಯವಿದೆ. 1925ರ ಜನವರಿಯ ರೋಸ್ ಬೌಲ್ ಆದಮೇಲೆ ಪೂರಾ ನಲವತ್ತೈದು ವರ್ಷ ನೋಟರ್ ಡೇಮ್ ಸೀಸನ್ ಕೊನೆಯ ಯಾವ ಬೌಲ್ ಪಂದ್ಯವನ್ನೂ ಆಡಲಿಲ್ಲ. ಅದು ವಿಶ್ವವಿದ್ಯಾಲಯದ ನಿರ್ಧಾರ. 1947ರಲ್ಲಿ ಲೂಜ್ಯಾಕ್‌ಗೆ ಒಂಬತ್ತು ಪಂದ್ಯವಾಯಿತೆಂದರೆ ವರ್ಷ ಮುಗಿಯಿತು. ಲೆನರ್ಡ್ ತಂಡ 2024ರ ಸೀಸನ್ನಿನಲ್ಲಿ ಹದಿನಾರು ಪಂದ್ಯ ಆಡಿತು. ಬೌಲ್ ಪಂದ್ಯದ ಅಂಕಿಗಳನ್ನು ಆಟಗಾರನ ಖಾತೆಗೆ ಸೇರಿಸುವ ಪದ್ಧತಿಯೂ ಬಂದದ್ದು 2002ರಿಂದ ಈಚೆಗೆ. 1972ರ ತನಕ ಸಾಮಾನ್ಯವಾಗಿ ಮೊದಲ ವರ್ಷದ ವಿದ್ಯಾರ್ಥಿಯನ್ನು ಮುಖ್ಯ ತಂಡದಲ್ಲಿ ಆಡಿಸುವಂತೆಯೂ ಇರಲಿಲ್ಲ. ಕ್ವಿನ್‌ಗೆ ನಾಲ್ಕು ವರ್ಷ ಸಿಕ್ಕಿತು, 1960ರ ದಶಕದವರಿಗೆ ಮೂರೇ. ಒಬ್ಬನ ಹೊಲ ನಾಲ್ಕು ಎಕರೆ, ಇನ್ನೊಬ್ಬನದು ಒಂದೂವರೆ. ಕಣದಲ್ಲಿ ರಾಶಿ ಅಳೆಯುವ ಮೊದಲು ಹೊಲ ಎಷ್ಟೆಂದು ಕೇಳಬೇಡವೇ?

ಪಾಲ್ ಹಾರ್ನಂಗ್‌ನ ವಿಷಯದಲ್ಲಿ ಮಾತ್ರ ನಾನು ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ. 1956ರಲ್ಲಿ ತಂಡ ಗೆದ್ದದ್ದು ಎರಡು, ಸೋತದ್ದು ಎಂಟು. ಆ ವರ್ಷ ಅವನ ಪಾಸ್‌ಗಳಲ್ಲಿ ಟಚ್‌ಡೌನ್ ಆದದ್ದು ಮೂರು, ಎದುರಾಳಿಯ ಕೈಗೆ ಹೋದದ್ದು ಹದಿಮೂರು. ಆದರೂ ಹೈಸ್‌ಮನ್ ಅವನಿಗೇ ಬಂತು. ಸೋತ ತಂಡದಿಂದ ಅದನ್ನು ಗೆದ್ದವನು ಇಂದಿಗೂ ಅವನೊಬ್ಬನೇ. ಓಡಿದ, ಎಸೆದ, ಒದ್ದ, ರಕ್ಷಣೆಗೂ ನಿಂತ, ನಿಜ. ಆದರೆ ಅದೇ ವರ್ಷ ಸಿರಾಕ್ಯೂಸ್ ತಂಡದಲ್ಲಿ ಜಿಮ್ ಬ್ರೌನ್ ಎಂಬ ಕಪ್ಪು ಆಟಗಾರ ಓಡುತ್ತಿದ್ದ. ಈ ಆಟ ಕಂಡ ಅತಿ ದೊಡ್ಡ ಓಟಗಾರ ಅವನೇ ಎನ್ನುವವರು ಇಂದಿಗೂ ಬಹಳ ಜನ ಇದ್ದಾರೆ. ಅವನಿಗೆ ಮತದಲ್ಲಿ ಸಿಕ್ಕಿದ್ದು ಐದನೇ ಜಾಗ. ಆ ಕಾಲದಲ್ಲಿ ಮತ ಹಾಕುತ್ತಿದ್ದವರು ಯಾರು, ಅವರ ಕಣ್ಣಿಗೆ ಯಾರು ಬೀಳುತ್ತಿದ್ದರು ಎಂದು ಯೋಚಿಸಿದರೆ ಆ ಟ್ರೋಫಿಯನ್ನು ತಕ್ಕಡಿಗೆ ಹಾಕಲು ನನಗೆ ಮನಸ್ಸಾಗುವುದಿಲ್ಲ.

ಪಕ್ಕದ ಮನೆಯ ಹಿರಿಯರು ಇಷ್ಟು ಹೊತ್ತು ಸುಮ್ಮನಿರುತ್ತಾರೆ. ಅವರ ಉತ್ತರ ಎಂದಿಗೂ ಒಂದೇ: ಜಾನ್ ಹುವಾರ್ಟೆ, 1964. ಕಾರಣವನ್ನು ಅವರು ಮೈದಾನದಿಂದ ಶುರುಮಾಡುವುದಿಲ್ಲ. ಸ್ಟೂಡ್‌ಬೇಕರ್ ಕಾರ್ಖಾನೆಯಿಂದ ಶುರುಮಾಡುತ್ತಾರೆ. ಎತ್ತಿನಗಾಡಿಯಂಥ ಬಂಡಿಗಳನ್ನು ಮಾಡುತ್ತ ಹುಟ್ಟಿ, ಕಾರುಗಳಿಗೆ ಹೆಸರಾದ ಆ ಕಂಪನಿಯೇ ಸೌತ್ ಬೆಂಡಿನ ಅನ್ನದ ಬಟ್ಟಲು. 1963ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿಗೆ ಕೆಲವೇ ದಿನ ಇರುವಾಗ, ಇಲ್ಲಿಯ ಕಾರ್ಖಾನೆಗೆ ಬೀಗ ಬಿತ್ತು. ಸಾವಿರಾರು ಜನ ಬೀದಿಗೆ ಬಂದರು, ಅವರಲ್ಲಿ ಈ ಹಿರಿಯರ ತಂದೆಯೂ ಒಬ್ಬರು. ನೋಟರ್ ಡೇಮ್ ತಂಡವೂ ಆ ವರ್ಷ ಎರಡು ಗೆದ್ದು ಏಳು ಸೋತಿತ್ತು. ಊರಿಗೆ ಊರೇ ತಲೆ ತಗ್ಗಿಸಿ ಕೂತಿದ್ದ ಚಳಿಗಾಲ ಅದು.

ಆರಾ ಪರ್ಸೀಗಿಯನ್ ಎಂಬ ಹೊಸ ಕೋಚ್ ಬಂದ. ಬೆಂಚಿನ ಮೇಲೆ ಹುವಾರ್ಟೆ ಇದ್ದ. ಮೂರು ವರ್ಷದಿಂದ ಕಾಲೇಜಿನಲ್ಲಿದ್ದರೂ ಆಡಿದ್ದು ಎಷ್ಟು ಕಡಿಮೆ ಎಂದರೆ, ತಂಡದಲ್ಲಿ ಆಡಿದವರಿಗೆ ಕೊಡುವ ಅಕ್ಷರದ ಗೌರವವೂ ಅವನಿಗೆ ಸಿಕ್ಕಿರಲಿಲ್ಲ. ಮೆತ್ತಗಿನ ದನಿ. ಚೆಂಡನ್ನು ಪಕ್ಕದಿಂದ ಬೀಸಿ ಎಸೆಯುವ ವಿಚಿತ್ರ ಅಭ್ಯಾಸ. ವಸಂತದ ತರಬೇತಿಯಲ್ಲಿ ಭುಜಕ್ಕೆ ಪೆಟ್ಟು ಬಿತ್ತು, ಶಸ್ತ್ರಚಿಕಿತ್ಸೆ ಆಗಬೇಕು ಎಂದರು ವೈದ್ಯರು. ಆಗಿದ್ದರೆ ಆ ವರ್ಷದ ಆಟವೂ ಮುಗಿಯುತ್ತಿತ್ತು. ಪರ್ಸೀಗಿಯನ್ ಬೇರೆ ವೈದ್ಯರ ಮಾತು ಕೇಳಿ, ಕತ್ತಿ ಹಾಕಿಸದೆ ಕಾದ. ಅದೇ ಹುವಾರ್ಟೆ ಆ ಸೀಸನ್‌ನಲ್ಲಿ 2,062 ಗಜ ಎಸೆದ. ಜ್ಯಾಕ್ ಸ್ನೋ ಒಬ್ಬನೇ ಅವನ ಅರವತ್ತು ಪಾಸ್ ಹಿಡಿದ. ತಂಡ ಸಾಲಾಗಿ ಒಂಬತ್ತು ಗೆದ್ದಿತು. ಕೊನೆಯದರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ತಂಡಕ್ಕೆ 20–17ರಿಂದ ಸೋತಿತು. ಹೈಸ್‌ಮನ್ ಹುವಾರ್ಟೆಗೆ ಬಂತು.

‘ಆ ವರ್ಷ ನಮ್ಮಪ್ಪ ಶನಿವಾರಗಳಲ್ಲಿ ಮಾತ್ರ ಮಾತಾಡುತ್ತಿದ್ದರು’ ಎಂದು ಹಿರಿಯರು ಒಂದು ಸಲ ಹೇಳಿದರು. ಅದಾದ ಮೇಲೆ ಹುವಾರ್ಟೆಯ ಎದುರು ವಾದ ಹೂಡಲು ನನಗೆ ಬಾಯಿ ಬರಲಿಲ್ಲ. ಆದರೂ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದೇ ಇದೆ. ಅದೇ ಹುಡುಗ, ಅದೇ ಕೈ, ಅದೇ ಬೀಸು. 1963ರಲ್ಲಿ ಯಾರಿಗೂ ಬೇಡವಾಗಿದ್ದವನು ಒಂದೇ ವರ್ಷದಲ್ಲಿ ದೇಶದ ಅತ್ಯುತ್ತಮ ಆಟಗಾರನಾದ. ನಾವು ಅಳೆಯುತ್ತಿರುವುದು ಅವನನ್ನೋ, ಅವನನ್ನು ಗುರುತಿಸಿದವನ ಕಣ್ಣನ್ನೋ? ಕಾದು ಕಾದು ಬೆಂಚಿನ ಮೇಲೇ ಓದು ಮುಗಿಸಿ ಹೋದ ಹುವಾರ್ಟೆಗಳು ಎಷ್ಟು ಜನವೋ.

ಬೆಂಚಿನ ಮಾತು ಬಂದಾಗ ಕೋಲಿ ಓಬ್ರಿಯನ್ ಹೆಸರನ್ನು ಹೇಳದೆ ಮುಂದೆ ಹೋಗಲಾರೆ. ಯಾರ ಪಟ್ಟಿಯಲ್ಲೂ ಈ ಹೆಸರಿಲ್ಲ. 1966ರ ನವೆಂಬರ್ 19ರಂದು ಮಿಶಿಗನ್ ಸ್ಟೇಟ್ ಎದುರಿನ ಪಂದ್ಯ, ಎರಡೂ ತಂಡ ಸೋಲು ಕಂಡಿರಲಿಲ್ಲ, ದೇಶವೆಲ್ಲ ಟೀವಿ ಎದುರು. ಮೊದಲ ಕಾಲು ಭಾಗದಲ್ಲೇ ಬಬ್ಬಾ ಸ್ಮಿತ್ ಎಂಬ ದೈತ್ಯನ ಹೊಡೆತಕ್ಕೆ ಕ್ವಾರ್ಟರ್‌ಬ್ಯಾಕ್ ಟೆರಿ ಹ್ಯಾನ್‌ರಾಟಿಯ ಭುಜ ಕಳಚಿತು. ಒಳಗೆ ಬಂದ ಓಬ್ರಿಯನ್‌ಗೆ ಮಧುಮೇಹ, ಅದು ಗೊತ್ತಾಗಿ ಬಹಳ ದಿನವೂ ಆಗಿರಲಿಲ್ಲ. 10–0 ಹಿಂದಿದ್ದ ತಂಡಕ್ಕೆ ಅವನ 34 ಗಜದ ಪಾಸ್ ಒಂದು ಟಚ್‌ಡೌನ್ ತಂದಿತು. ಆಮೇಲೆ ಒದ್ದು ಗಳಿಸಿದ ಪಾಯಿಂಟುಗಳೂ ಸೇರಿ 10–10. ಕೊನೆಯ ನಿಮಿಷದಲ್ಲಿ ಗೆಲ್ಲಲು ಎಸೆಯದೆ ಚೆಂಡು ಹಿಡಿದು ಹೊತ್ತು ಕಳೆದರು ಎಂದು ಪರ್ಸೀಗಿಯನ್‌ನನ್ನು ಜನ ಇಂದಿಗೂ ಬೈಯುತ್ತಾರೆ. ಬೈಯುವವರು ದಣಿದು ಬಸವಳಿದ ಆ ಹುಡುಗನನ್ನು ಒಮ್ಮೆ ನೆನೆಯಬೇಕು. ಮುಂದಿನ ವಾರ ಅವನೇ ಮುಂದೆ ನಿಂತು ಆಡಿದ, ದಕ್ಷಿಣ ಕ್ಯಾಲಿಫೋರ್ನಿಯಾವನ್ನು ತಂಡ 51–0ಯಿಂದ ಸೋಲಿಸಿತು, ಪಟ್ಟ ನೋಟರ್ ಡೇಮಿಗೆ ಬಂತು. ನಾಲ್ಕು ವರ್ಷದ ಅಂಕಿಗಳನ್ನು ಪೇರಿಸಿದವನು ಮಾತ್ರ ದೊಡ್ಡವನೋ, ಬೇಕಾದ ಎರಡು ವಾರ ಬಂದು ನಿಂತವನೂ ದೊಡ್ಡವನೋ?

ಈ ಹ್ಯಾನ್‌ರಾಟಿಯೂ ಪಶ್ಚಿಮ ಪೆನ್ಸಿಲ್ವೇನಿಯಾದವನು. 1973ರ ಡಿಸೆಂಬರ್ 31ರ ರಾತ್ರಿ ತನ್ನ ಗೆರೆಯ ಹಿಂದೆಯೇ ನಿಂತು ಎಸೆದು ಅಲಬಾಮಾವನ್ನು 24–23ರಿಂದ ಸೋಲಿಸಿದ ಟಾಮ್ ಕ್ಲೆಮೆಂಟ್ಸ್ ಅಲ್ಲಿಯವನೇ. ಜೋ ಮೊಂಟಾನಾ ಕೂಡ. ಕಲ್ಲಿದ್ದಲಿನ ಗಣಿ, ಉಕ್ಕಿನ ಕುಲುಮೆಗಳ ಆ ಪುಟ್ಟ ಊರುಗಳಿಗೂ ಈ ಕೆಲಸಕ್ಕೂ ಏನು ನಂಟೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮೊಂಟಾನಾ ನನ್ನ ಹೆಂಡತಿಯ ಆಯ್ಕೆ. ಮುಂದೆ ವೃತ್ತಿಪರ ಆಟದಲ್ಲಿ ನಾಲ್ಕು ಸೂಪರ್ ಬೌಲ್ ಗೆದ್ದ ಎಂಬುದು ಅವಳಿಗೆ ಲೆಕ್ಕಕ್ಕಿಲ್ಲ, ನೋಟರ್ ಡೇಮಿನ ಮೊಂಟಾನಾ ಸಾಕು. ಆ ಮೊಂಟಾನಾನ ಅಂಕಿಗಳು ನೋಡಲು ಸಾಧಾರಣ: 25 ಟಚ್‌ಡೌನ್ ಪಾಸ್, ಎದುರಾಳಿಯ ಕೈಗೆ ಹೋದವೂ 25. 1977ರ ಸೀಸನ್ ಶುರುವಾದಾಗ ಅವನು ಸಾಲಿನಲ್ಲಿ ಮೂರನೆಯವನು. ಅದೇ ವರ್ಷ ತಂಡವನ್ನು ರಾಷ್ಟ್ರೀಯ ಪಟ್ಟಕ್ಕೆ ಒಯ್ದ. 1979ರ ಹೊಸವರ್ಷದ ದಿನ ಡಲ್ಲಾಸಿನಲ್ಲಿ ಮೈದಾನ ಮಂಜುಗಡ್ಡೆಯಾಗಿತ್ತು. ಮೈ ಶಾಖ ಇಳಿದು ನಡುಗುತ್ತಿದ್ದ ಮೊಂಟಾನಾನನ್ನು ಒಳಗೆ ಕರೆದೊಯ್ದು ಕಂಬಳಿ ಹೊದಿಸಿ ಬಿಸಿ ಕೋಳಿ ಸೂಪು ಕುಡಿಸಿದರು. ಹೊರಗೆ ಹ್ಯೂಸ್ಟನ್ 34–12 ಮುಂದಿತ್ತು. ಅವನು ವಾಪಸು ಬಂದ. ಉಳಿದದ್ದು ಏಳೂವರೆ ನಿಮಿಷ ಎನ್ನುವಾಗಲೂ ಅಂತರ ಹಾಗೇ ಇತ್ತು. ಗಡಿಯಾರ ಸೊನ್ನೆ ಮುಟ್ಟುವಾಗ ಕ್ರಿಸ್ ಹೇನ್ಸ್‌ಗೆ ಎಸೆದ ಪಾಸಿನಿಂದ 34–34, ಮೇಲೊಂದು ಒದೆತದಿಂದ 35. ‘ಚಳಿಗೆ ಬೆರಳು ಮರಗಟ್ಟಿದಾಗ ಸೌಟು ಹಿಡಿಯುವುದೇ ಆಗುವುದಿಲ್ಲ, ಚೆಂಡು ಹಿಡಿದನಲ್ಲ’ ಎನ್ನುತ್ತಾಳೆ ಅವಳು. ಇಲ್ಲಿಯ ಜನವರಿಯನ್ನು ಕಂಡವರಿಗೆ ಆ ಮಾತಿನ ತೂಕ ತಿಳಿಯುತ್ತದೆ.

ಜೋ ತೀಸ್‌ಮನ್ ಎಂದಿದ್ದ ಹೆಸರನ್ನು ಹೈಸ್‌ಮನ್‌ಗೆ ಪ್ರಾಸವಾಗಲೆಂದು ಕಾಲೇಜಿನವರು ಥೈಸ್‌ಮನ್ ಎಂದು ಬದಲಿಸಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. 1970ರಲ್ಲಿ ಸುರಿಯುವ ಮಳೆಯಲ್ಲಿ ಒಂದೇ ಪಂದ್ಯದಲ್ಲಿ 526 ಗಜ ಎಸೆದೂ ಸೋತದ್ದನ್ನು ಕಡಿಮೆ ಜನ ಹೇಳುತ್ತಾರೆ. ಟ್ರೋಫಿ ಅವನಿಗೆ ಬರಲಿಲ್ಲ, ಪ್ರಾಸ ಉಳಿಯಿತು.

ಟೋನಿ ರೈಸ್ ಬಗ್ಗೆ ಮಾತ್ರ ನಾನು ದನಿ ಏರಿಸುತ್ತೇನೆ. 1988ರಲ್ಲಿ ನೋಟರ್ ಡೇಮ್ ಹನ್ನೆರಡಕ್ಕೆ ಹನ್ನೆರಡನ್ನೂ ಗೆದ್ದಿತು. ಅದೇ ಅವರ ಕೊನೆಯ ರಾಷ್ಟ್ರೀಯ ಪಟ್ಟ. ಸೌತ್ ಕೆರೊಲಿನಾದ ಸಣ್ಣ ಊರಿನಿಂದ ಬಂದ ರೈಸ್‌ಗೆ ಪ್ರವೇಶ ಪರೀಕ್ಷೆಯ ಅಂಕ ಸಾಲದೆ ಮೊದಲ ವರ್ಷ ಪೂರ್ತಿ ಮೈದಾನಕ್ಕೆ ಇಳಿಯಲು ಅವಕಾಶವಿರಲಿಲ್ಲ. ಪಟ್ಟ ಗೆದ್ದ ವರ್ಷ ಅವನು ಎಸೆದು ಗಳಿಸಿದ್ದು 1,176 ಗಜ, ಎಂಟು ಟಚ್‌ಡೌನ್. ಓಡಿ 700 ಗಜ. ‘ಎಂಟೇ?’ ಎನ್ನುತ್ತಾನೆ ಭಾವಮೈದ. ಕೋಚ್ ಲೂ ಹೋಲ್ಟ್ಸ್ ಅವನಿಗೆ ಕೊಟ್ಟದ್ದು ಬೇರೆಯೇ ಕೆಲಸ. ಚೆಂಡು ಹಿಡಿದು ಅಂಚಿನ ಕಡೆ ಓಡುತ್ತಲೇ ಎದುರಿನ ಒಬ್ಬನ ಭುಜ ಯಾವ ಕಡೆ ತಿರುಗುತ್ತದೆ ಎಂದು ನೋಡಬೇಕು. ಒಳಗೆ ತಿರುಗಿದರೆ ಪಕ್ಕದವನಿಗೆ ಚೆಂಡು ಕೊಡಬೇಕು, ಹೊರಗೆ ತಿರುಗಿದರೆ ತಾನೇ ನುಗ್ಗಬೇಕು. ಆ ಅರೆಕ್ಷಣದ ಸರಿ ತೀರ್ಮಾನ ಲೆಕ್ಕದಲ್ಲಿ ಪಕ್ಕದವನ ಓಟವಾಗಿ ಬರೆಯಲ್ಪಡುತ್ತದೆ. ಇಡೀ ವರ್ಷ ಬೇರೆಯವರ ಖಾತೆಗೆ ಜಮೆ ಮಾಡುತ್ತ ಹೋದವನ ಪಾಸ್‌ಬುಕ್ ತೆರೆದು ಬಡವ ಎಂದರೆ ಹೇಗೆ?

ಹಾಗಾಗಿ ನನ್ನ ಅಳತೆ ಇದು: ಅವನ ಕೈಗೆ ಆ ಕಾಲ ಏನೇನು ಕೊಟ್ಟಿತ್ತು, ಕೊಟ್ಟದ್ದರಲ್ಲಿ ಎಷ್ಟನ್ನು ಅವನು ಬೀಳಿಸದೆ ಹೊತ್ತ. ಈ ಅಳತೆ ಹಿಡಿದರೆ ಕ್ವಿನ್‌ಗೂ ನ್ಯಾಯ ಸಿಗುತ್ತದೆ. ದೊಡ್ಡ ಪಂದ್ಯ ಗೆಲ್ಲಲಿಲ್ಲ ಎಂದು ಜನ ಅವನನ್ನು ದೂರುವಾಗ ನಾನು ಭಾವಮೈದನ ಪಕ್ಷ. 2005ರ ಅಕ್ಟೋಬರ್ 15ರಂದು ಆ ಕಾಲದ ಅಜೇಯ ತಂಡವಾಗಿದ್ದ ದಕ್ಷಿಣ ಕ್ಯಾಲಿಫೋರ್ನಿಯಾದ ಎದುರು, ಎರಡು ನಿಮಿಷ ಉಳಿದಿರುವಾಗ ಕ್ವಿನ್ ತಾನೇ ಓಡಿ ಟಚ್‌ಡೌನ್ ಗಳಿಸಿದ. 31–28. ಆಮೇಲೆ ಬೆಂಚಿನ ಹತ್ತಿರ ಹೋಗಿ ನಿಂತ. ಅವನ ಕಾಲದ ಕ್ವಾರ್ಟರ್‌ಬ್ಯಾಕಿಗೆ ರಕ್ಷಣೆಯ ಕೆಲಸ ಇಲ್ಲ. ನಾಲ್ಕನೇ ಅವಕಾಶ, ಒಂಬತ್ತು ಗಜ ಬೇಕು ಎನ್ನುವಾಗ ಮ್ಯಾಟ್ ಲೈನರ್ಟ್ ಎಸೆದ ಪಾಸ್ 61 ಗಜ ಸಾಗಿತು. ಮೂರು ಸೆಕೆಂಡು ಉಳಿದಾಗ ಲೈನರ್ಟ್‌ನನ್ನು ಹಿಂದಿನಿಂದ ರೆಜಿ ಬುಶ್ ದೂಡಿ ಗೆರೆ ದಾಟಿಸಿದ. 34–31. ಕ್ವಿನ್ ನೋಡುತ್ತ ನಿಂತಿದ್ದ. ಲೂಜ್ಯಾಕ್ ಆಗಿದ್ದರೆ ಆ ಕೊನೆಯ ಆಟದಲ್ಲಿ ಮೈದಾನದ ಒಳಗೆ ಇರುತ್ತಿದ್ದ. ಕ್ವಿನ್‌ನ ಕಾಲ ಅವನಿಗೆ 3,919 ಗಜ ಕೊಟ್ಟು ಆ ಒಂದು ಟ್ಯಾಕಲನ್ನು ಕಿತ್ತುಕೊಂಡಿತು.

ಇದನ್ನೆಲ್ಲ ಹೇಳಿದ ರಾತ್ರಿ ಭಾವಮೈದ ಹೆಚ್ಚು ಮಾತಾಡದೆ ಹೊರಟ. ಭಾನುವಾರ ಬೆಳಿಗ್ಗೆ ನಾನಿನ್ನೂ ಕಾಫಿ ಕುಡಿಯುತ್ತಿದ್ದೆ, ಫೋನ್ ಬಂತು.

‘ಭಾವ, ರಾತ್ರಿ ಕೂತು 1946ರ ಪಂದ್ಯದ ಬಗ್ಗೆ ಎಲ್ಲ ಓದಿದೆ. ಅದೇ ಪಂದ್ಯದಲ್ಲಿ ನಿಮ್ಮ ಲೂಜ್ಯಾಕ್ ಎಸೆದ ಮೂರು ಪಾಸ್ ಆರ್ಮಿಯವರ ಕೈಗೆ ಹೋಗಿದೆ. ಅದನ್ನು ನೀವು ಹೇಳಲೇ ಇಲ್ಲ.’

‘ನಿಜ. ಹಿಡಿದವನು ಯಾರು ಅಂತ ನೋಡಿದೆಯಾ?’

‘ಮೂರನ್ನೂ ಒಬ್ಬನೇ ಹಿಡಿದಿದ್ದಾನೆ. ಆರ್ನಲ್ಡ್ ಟಕರ್ ಅಂತ.’

‘ಅವನು ಆ ತಂಡದಲ್ಲಿ ಯಾರು?’

ಸ್ವಲ್ಪ ಹೊತ್ತು ಆ ಕಡೆಯಿಂದ ಕೀಲಿಮಣೆಯ ಸದ್ದು ಮಾತ್ರ ಕೇಳಿಸಿತು.

‘ಕ್ವಾರ್ಟರ್‌ಬ್ಯಾಕ್’ ಎಂದ.